ಚಿತ್ರದರ್ಶನ

ಜಾತ್ರೆಗೆ ಹೊರಟವರನ್ನು ಯಾರೂ ಕಾರಣ ಕೇಳುವುದಿಲ್ಲ. ದಸರೆಯ ವಸ್ತುಪ್ರದರ್ಶನಕ್ಕೆ ಮಕ್ಕಳು ಮರಿಗಳೊಡನೆ ಹೊರಟರೆ ನೆರೆಹೊರೆಯವರು ತಮಗೂ ಏನಾದರೂ ತರುವಂತೆ ಹೇಳಿ ಕಳುಹಿಸುವರು. ಆದರೆ ಒಬ್ಬ ಚಿತ್ರಗಾರನ ಕೃತಿಗಳನ್ನು ನೋಡಿಬರುವುದಕ್ಕಾಗಿ ಸಂಸಾರಸಮೇತ ಹೊರಟಿದ್ದೇವೆಂದರೆ ಕೇಳಿದವರ ಮುಖದಲ್ಲಿ ಒಂದು ಬಗೆಯ ಅನುಕಂಪವು ತೋರುವುದು. "ಒಬ್ಬನದೇ ಏಕೆ ಸ್ವಾಮಿ? ನಾಲ್ಕು ಜನರದಾದರೆ ಒಂದು ಹಿಡಿಸದಿದ್ದರೆ ಇನ್ನೊಂದು ಹಿಡಿಸೀತು" ಎಂದು ನಮ್ಮ ಬೀದಿಯ ಗೃಹಸ್ಥರೊಬ್ಬರು ಹಿಂದೊಮ್ಮೆ ನಮ್ಮನ್ನು ಕೇಳಿಯೂ ಕೇಳಿದ್ದರು. ಸೀರೆಯಂಗಡಿಗೆ ಈ ವಾದವು ಒಪ್ಪುವುದು, ಚಿತ್ರಶಾಲೆಗೆ ಒಪ್ಪುವುದಿಲ್ಲ.

ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಹುಡುಗರ ಬರವಣಿಗೆಯನ್ನು ತಿದ್ದಿದ ನಮಗೆ ಈ ವಿಷಯದಲ್ಲಿ ಒಂದು ಅನುಭವವುಂಟು. ಒಂದೇ ದಿನ ನಲವತ್ತು ಹುಡುಗರ ಪುಸ್ತಕಗಳನ್ನು ನೋಡಿದರೆ ಯಾರು ಮುಂದು, ಯಾರು ಹಿಂದು ಎಂಬುದಷ್ಟೇ ತಿಳಿಯುವುದು. ಒಬ್ಬನೇ ಹುಡುಗನ ಪುಸ್ತಕವನ್ನು ಜೂನ್ ತಿಂಗಳಿನಿಂದ ಮಾರ್ಚಿಯವರೆಗೆ ತಿರುವಿದರೆ ಹುಡುಗನೇ ತಿಳಿಯುವನು. ಎಲ್ಲಿ ಪಕ್ಕದವನನ್ನು ನೋಡಿ ಬರೆದನು, ಎಲ್ಲಿ ಬೇಸರಪಟ್ಟನು, ಉಪಾಧ್ಯಾಯರ ಮಾತನ್ನೇ ಎಷ್ಟು ದಿನ ಗಿಣಿಯಂತೆ ಒಪ್ಪಿಸಿದನು, ಯಾವ ದಿನ ಇದ್ದಕ್ಕಿದ್ದಂತೆ ಸ್ವಂತ ಮಾತು ಲೇಖನಿಗೆ ಬಂದಿತು ಎಂಬುದೆಲ್ಲವೂ ಪುಟಪುಟದಲ್ಲಿಯೂ ಕಾಣುವುದು. ಹಲವರ ಚಿತ್ರಗಳಿರುವೆಡೆಯಲ್ಲಿ ಒಬ್ಬನನ್ನು ಮತ್ತೊಬ್ಬನೊಡನೆ ಹೋಲಿಸುತ್ತೇವೆ. ಒಬ್ಬನದೇ ಇರುವೆಡೆಯಲ್ಲಿ ಅವನನ್ನು ಅವನೊಡನೆಯೇ ಹೋಲಿಸಬೇಕಾಗುವುದು. ಅದು ಹೆಚ್ಚು ಕಷ್ಟವಾದ ನೋಟ, ಹೆಚ್ಚು ಸ್ನೇಹದ ನೋಟವೂ ಅಹುದು.

ಮನೆಯವರೆಲ್ಲರೂ ಸೇರಿ ಚಿತ್ರ ನೋಡುವುದು ಹೊಸಕಾಲದ ಷೋಕಿಯೆಂದು ಬಗೆಯುವವರು ಭವಭೂತಿಯ ಉತ್ತರರಾಮಚರಿತದ ಮೊದಲನೆಯ ಅಂಕವನ್ನು ಓದಬೇಕು. ಗರ್ಭಿಣಿಯಾದ ಸೀತೆಯ ಮನಸ್ಸಿಗೆ ವಿನೋದವಾಗಲೆಂದು ಲಕ್ಷ್ಮಣನು ರಾಮನ ಚರಿತ್ರೆಯನ್ನು ಚಿತ್ರಗಾರನಿಂದ ಬರೆಯಿಸಿ ಅಣ್ಣ ಅತ್ತಿಗೆಯರಿಗೆ ತೋರಿಸುವನು. ಮದುವೆಯ ಚಿತ್ರದಲ್ಲಿ ಒಬ್ಬೊಬ್ಬರನ್ನೇ ಹೆಸರು ಹೇಳಿ ತೋರಿಸುತ್ತ ಬಂದ ಮೈದುನನು ಊರ್ಮಿಳೆಯ ಬಳಿಗೆ ಬಂದಾಗ ಸುಮ್ಮನಾಗುವನು. ಸೀತೆಯು ಬಿಡದೆ ‘ಇವಳಾರು?’ ಎಂದು ಕೆಣಕುವಳು. ಅವನು ನಾಚಿ ಮುಂದಿನ ಚಿತ್ರಕ್ಕೆ ಹೋಗಿಬಿಡುವನು. ಯಾವ ಮನೆಯಲ್ಲಿ ಈ ಹಾಸ್ಯವು ನಡೆಯುವುದಿಲ್ಲ? ಶೂರ್ಪಣಖಿಯ ಚಿತ್ರವು ಬಂದಾಗ ಸೀತೆಯು ಹೆದರುವಳು. ಇದು ಬರಿಯ ಚಿತ್ರವೆಂದು ರಾಮನು ಸಮಾಧಾನ ಹೇಳಬೇಕಾಗುವುದು. ಕಡೆಗೆ ಆ ಕಾಡನ್ನೂ ಗಂಗೆಯನ್ನೂ ಇನ್ನೊಮ್ಮೆ ಕಾಣಬೇಕೆಂಬ ಬಯಕೆ ಆಕೆಗೆ ಹುಟ್ಟುವುದು. ಆ ಬಯಕೆಯೇ ಪರಿತ್ಯಾಗಕ್ಕೆ ನೆಪವಾಗುವುದು. ಚಿತ್ರ ನೋಡಿ ಎದ್ದವರು ನೋಡುವ ಮೊದಲಿದ್ದವರಾಗಿಯೇ ಮನೆಗೆ ಹೋಗುವರೆಂದು ಭವಭೂತಿಯು ನಂಬಿರಲಿಲ್ಲ.

ಇನ್ನು ಪ್ರಕೃತಕ್ಕೆ ಬರೋಣ. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ, ೧೮೬೫ರಲ್ಲಿ ಸ್ಥಾಪಿತವಾದ ಸರ್ಕಾರಿ ವಸ್ತುಸಂಗ್ರಹಾಲಯದ ಕೆಂಪು ಕಟ್ಟಡಕ್ಕೆ ಹೊಂದಿಕೊಂಡಂತೆ, ಚಿತ್ರಶಿಲ್ಪಿ ಕೆ. ವೆಂಕಟಪ್ಪನವರ ಹೆಸರಿನ ಚಿತ್ರಶಾಲೆಯಿದೆ. ವಸ್ತುಸಂಗ್ರಹಾಲಯದ ಶಾಸನಗಳನ್ನೂ, ಪಕ್ಕದ ವಿಶ್ವೇಶ್ವರಯ್ಯ ಸಂಗ್ರಹಾಲಯದ ಯಂತ್ರಗಳನ್ನೂ ನೋಡಲು ಸಾಲುಗಟ್ಟಿ ಬರುವ ಶಾಲಾಮಕ್ಕಳಲ್ಲಿ ಈ ನಡುವಣ ಬಾಗಿಲನ್ನು ಹೊಕ್ಕವರು ಎಷ್ಟು ಮಂದಿಯೋ! ನಾವು ಕೆಲವು ವರ್ಷಗಳ ಹಿಂದೆ ಒಂದು ಭಾನುವಾರ ನಮ್ಮ ಸೊಸೆಯನ್ನೂ ಎಂಟು ವರ್ಷದ ಮೊಮ್ಮಗಳನ್ನೂ ಕರೆದುಕೊಂಡು ಹೋದಾಗ ಒಳಗೆ ನಮ್ಮನ್ನು ಬಿಟ್ಟರೆ ಕಾವಲುಗಾರನೊಬ್ಬನೇ ಇದ್ದನು. ಅವನಿಗೂ ನಮ್ಮನ್ನು ಕಂಡು ಸಂತೋಷವಾದಂತೆ ತೋರಿತು.

ವೆಂಕಟಪ್ಪನವರ ವೃತ್ತಾಂತವನ್ನು ಸಂಕ್ಷೇಪವಾಗಿ ಹೇಳುವೆವು. ೧೮೮೬ರಲ್ಲಿ ಮೈಸೂರಿನ ಚಿತ್ರಗಾರರ ಮನೆತನದಲ್ಲಿ ಹುಟ್ಟಿದರು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಿಂದ ಕಲ್ಕತ್ತೆಗೆ ಹೋಗಿ, ಅಲ್ಲಿನ ಸರ್ಕಾರಿ ಕಲಾಶಾಲೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾದರು. ನಂದಲಾಲ ಬಸುಗಳು ಇವರ ಸಹಪಾಠಿಗಳು. ಸೋದರಿ ನಿವೇದಿತೆಯವರು ಆರಂಭಿಸಿ, ಅವರು ೧೯೧೧ರಲ್ಲಿ ತೀರಿಕೊಂಡ ಮೇಲೆ ಆನಂದ ಕುಮಾರಸ್ವಾಮಿಯವರು ಪೂರ್ತಿಮಾಡಿ ೧೯೧೩ರಲ್ಲಿ ಪ್ರಕಟಿಸಿದ ಹಿಂದೂ ಬೌದ್ಧ ಪುರಾಣಕಥೆಗಳ ದೊಡ್ಡ ಗ್ರಂಥದಲ್ಲಿ ರಾಮಾಯಣದ ಕಥೆಗಳಿಗೆ ಚಿತ್ರ ಬರೆದವರಲ್ಲಿ ನಮ್ಮ ಮೈಸೂರಿನ ಈ ತರುಣರೂ ಒಬ್ಬರು. ಹಿಂದಿರುಗಿದ ಮೇಲೆ ಚಿತ್ರ ಬರೆದರು, ಉಬ್ಬುಶಿಲ್ಪ ಮಾಡಿದರು, ವೀಣೆ ಶೇಷಣ್ಣನವರಲ್ಲಿ ಶಿಷ್ಯವೃತ್ತಿ ಮಾಡಿ ವೀಣೆ ಕಲಿತರು. ಮದುವೆಯಾಗಲಿಲ್ಲ. ಮಹಾರಾಜರು ೧೯೪೦ರಲ್ಲಿ ಕಾಲವಾದ ಅನಂತರ ಬೆಂಗಳೂರಿಗೆ ಬಂದು ನೆಲಸಿ, ಹೆಚ್ಚಾಗಿ ಏಕಾಂತದಲ್ಲಿದ್ದು, ೧೯೬೫ರಲ್ಲಿ ತೀರಿಕೊಂಡರು. ಅವರ ಸ್ಮರಣಾರ್ಥವಾಗಿ ಸರ್ಕಾರವು ಕಟ್ಟಿಸಿದ ಚಿತ್ರಶಾಲೆಯು ೧೯೭೦ರ ದಶಕದಲ್ಲಿ ಸಾರ್ವಜನಿಕರಿಗೆ ತೆರೆಯಿತು.

ಮೊದಲು ಕಲ್ಕತ್ತೆಯ ರೀತಿಯ ಚಿತ್ರಗಳ ಮಾತು. ನಮ್ಮ ಅಜ್ಜಿಯರ ಕಾಲದಿಂದಲೂ ದೇವರ ಕೋಣೆಯ ಗೋಡೆಗಳಲ್ಲಿ ರಾಜಾ ರವಿವರ್ಮರ ಲಕ್ಷ್ಮೀ ಸರಸ್ವತಿಯರ ಅಚ್ಚಿನ ಪಟಗಳನ್ನು ಕಂಡು ಬೆಳೆದವರಿಗೆ ಇವು ಮೊದಲ ನೋಟಕ್ಕೆ ಬಡವಾಗಿ ಕಾಣುವುದು ಸಹಜ. ರವಿವರ್ಮರದು ಎಣ್ಣೆಯ ಬಣ್ಣ. ದುಂಡುಮೈ, ಜರಿಯ ಸೀರೆ, ಆಭರಣದ ಹೊಳಪು. ಅವನೀಂದ್ರರ ಗುಂಪಿನವರಿಗೆ ಅದು ಪಶ್ಚಿಮದ ಅನುಕರಣೆಯೆಂದು ತೋರಿದುದರಿಂದ, ಅವರು ಅಜಂತೆಯ ಗೋಡೆಗಳನ್ನೂ ಮೊಗಲ್ ಚಿತ್ರಗಳನ್ನೂ ನೋಡಿ ಬೇರೆ ದಾರಿ ಹಿಡಿದರು. ೧೯೦೩ರ ಸುಮಾರಿನಲ್ಲಿ ಕಲ್ಕತ್ತೆಗೆ ಬಂದಿದ್ದ ಯೊಕೊಯಾಮ ತೈಕಾನ್ ಮೊದಲಾದ ಜಪಾನೀ ಚಿತ್ರಗಾರರಿಂದ ಅವನೀಂದ್ರರು ಒಂದು ಉಪಾಯವನ್ನು ಗ್ರಹಿಸಿದರು. ಕಾಗದದ ಮೇಲೆ ನೀರುಬಣ್ಣವನ್ನು ಹಚ್ಚಿ, ಒಣಗಿದ ಮೇಲೆ ಕಾಗದವನ್ನೇ ನೀರಿನಲ್ಲಿ ಅದ್ದುವುದು. ಸಡಿಲವಾದ ಬಣ್ಣವು ತೊಳೆದುಹೋಗಿ ನಾರಿನಲ್ಲಿ ಹಿಡಿದುದು ಮಾತ್ರ ಉಳಿಯುವುದು. ಅದರ ಮೇಲೆ ಮತ್ತೆ ತೆಳುವಾದ ಬಣ್ಣ, ಮತ್ತೆ ನೀರು. ಹೀಗೆ ಹಲವು ಸಲ ಮಾಡಿದಮೇಲೆ ಚಿತ್ರದ ಮೇಲೆ ಮಂಜಿನ ತೆರೆಯೊಂದು ಇಳಿದಂತಾಗುವುದು. ಹಳೆಯ ಸೀರೆಯನ್ನು ನೂರು ಸಲ ಒಗೆದ ಮೇಲೆ ಬರುವ ಮೆತ್ತನೆಯ ಬಣ್ಣವನ್ನು ಹೆಂಗಸರು ಬಲ್ಲರು. ಅದನ್ನೇ ಬುದ್ಧಿಪೂರ್ವಕವಾಗಿ ತರಿಸುವ ವಿದ್ಯೆಯಿದು.

ಈ ಬಗೆಯ ಪೌರಾಣಿಕ ಚಿತ್ರಗಳಲ್ಲಿ ವೆಂಕಟಪ್ಪನವರ ಕೈಚಳಕವು ಎದ್ದು ಕಾಣುವುದು. ಆದರೂ ನಮ್ಮ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳುವುದಾದರೆ, ಅಲ್ಲಿ ಗುರುವಿನ ಧ್ವನಿಯು ಶಿಷ್ಯನ ಧ್ವನಿಗಿಂತ ಸ್ವಲ್ಪ ಗಟ್ಟಿಯಾಗಿ ಕೇಳಿಸುವುದು. ಇದು ದೋಷವಲ್ಲ. ಪಾಠವೊಪ್ಪಿಸುವ ಹುಡುಗನು ಮೊದಲು ಉಪಾಧ್ಯಾಯರ ಸ್ವರದಲ್ಲಿಯೇ ಒಪ್ಪಿಸುವನು, ಒಪ್ಪಿಸಲೂಬೇಕು.

ಮುಂದಿನದು ಉದಕಮಂಡಲ ಮತ್ತು ಕೊಡೈಕೆನಾಲುಗಳ ದೃಶ್ಯಗಳು. ಇಲ್ಲಿ ನಾವು ಬಹಳ ಹೊತ್ತು ನಿಂತೆವು. ಇವುಗಳಲ್ಲಿ ದೇವತೆಗಳಿಲ್ಲ, ರಾಜರಿಲ್ಲ, ಕಥೆಯಿಲ್ಲ. ಬೆಟ್ಟ, ಕೆರೆ, ಮರ, ಮಂಜು, ಬೆಳಗಿನ ಬಿಸಿಲು, ಬೆಳುದಿಂಗಳು. ಅಷ್ಟೇ. ಚಿತ್ರಗಳೂ ದೊಡ್ಡವಲ್ಲ, ಹತ್ತಿರ ಹೋಗಿ ನೋಡಬೇಕು. ದೂರದ ಮರವೊಂದರ ಎಲೆಗಳನ್ನು ಸಹ ಅಲಕ್ಷ್ಯಮಾಡದೆ ಬರೆದಿದ್ದಾರೆ. ಹಾಗೆ ಬರೆದರೂ ಬೆಟ್ಟವೆಲ್ಲವೂ ಒಂದೇ ಉಸಿರಿನಲ್ಲಿ ಕಾಣುತ್ತದೆ. ನೀರುಬಣ್ಣದಲ್ಲಿ ಇದೆಷ್ಟು ಕಠಿನವೆಂಬುದನ್ನು ವಾಚಕರು ಗಮನಿಸಬೇಕು. ಎಣ್ಣೆಯ ಬಣ್ಣದಲ್ಲಿ ತಪ್ಪಿದರೆ ಕೆರೆದು ಮೇಲೆ ಹಚ್ಚಬಹುದು. ತಿಳಿಯಾದ ನೀರುಬಣ್ಣದಲ್ಲಿ ಬಿಳಿಯೆಂಬುದು ಕಾಗದವೇ. ಮೋಡದ ಅಂಚಿನ ಬೆಳಕು ಬೇಕಾದರೆ ಆ ಸ್ಥಳವನ್ನು ಮುಟ್ಟದೆ ಬಿಡಬೇಕು. ಒಮ್ಮೆ ಬಣ್ಣ ತಾಕಿದರೆ ಆ ಬೆಳಕು ಪೂರ್ತಿಯಾಗಿ ಹಿಂದಿರುಗುವುದಿಲ್ಲ. ಅಂದಮೇಲೆ ಚಿತ್ರಗಾರನು ಕುಂಚವನ್ನು ಎತ್ತುವ ಮೊದಲೇ ಎಲ್ಲಿ ಕೈಯಿಡಬಾರದೆಂಬುದನ್ನು ನಿಶ್ಚಯಿಸಿರಬೇಕು. ಬೆಳುದಿಂಗಳ ಊಟಿಯ ಚಿತ್ರದ ಮುಂದೆ ನಿಂತಾಗ, ಕತ್ತಲೆಯನ್ನು ಬರೆದವರು ಇವರು, ಬೆಳಕನ್ನು ಬರೆದುದು ಇವರು ಮುಟ್ಟದೆ ಬಿಟ್ಟ ಕಾಗದ ಎಂದು ನಮಗನಿಸಿತು. ಕಲ್ಕತ್ತೆಯಲ್ಲಿ ಕಲಿತ ಮಂಜಿನ ತೆರೆಯು ಇಲ್ಲಿ ನಿಜವಾದ ಮಂಜಿಗೆ ಒದಗಿಬಂದಿದೆ. ಪಕ್ಕದವನನ್ನು ನೋಡಿ ಬರೆಯುತ್ತಿದ್ದ ಹುಡುಗನಿಗೆ ಸ್ವಂತ ಮಾತು ಬಂದ ಪುಟವೆಂದರೆ ಇದೇ.

"ತಾತ, ಇಲ್ಲಿ ಜನ ಯಾಕೆ ಇಲ್ಲ?" ಎಂದು ಮೊಮ್ಮಗಳು ಕೇಳಿದಳು. ಒಳ್ಳೆಯ ಪ್ರಶ್ನೆ. ಊಟಿಗೆ ಹೋದ ನಾವೆಲ್ಲರೂ ಬೆಟ್ಟವನ್ನು ಬೆನ್ನ ಹಿಂದಿರಿಸಿಕೊಂಡು ನಮ್ಮ ಭಾವಚಿತ್ರವನ್ನೇ ತೆಗೆದುಕೊಂಡು ಬರುತ್ತೇವಲ್ಲವೆ? ಈ ಮನುಷ್ಯರು ಬೆಟ್ಟವನ್ನು ಬೆಟ್ಟಕ್ಕಾಗಿಯೇ ನೋಡಿದರು. ಇದಕ್ಕೂ ನಮ್ಮಲ್ಲಿ ಪೂರ್ವಿಕರುಂಟು. ಶಾಕುಂತಲದ ಆರನೆಯ ಅಂಕದಲ್ಲಿ ದುಷ್ಯಂತನು ತಾನು ಬರೆದ ಶಕುಂತಲೆಯ ಚಿತ್ರದಲ್ಲಿ ಇನ್ನೂ ಏನು ಬರೆಯಬೇಕೆಂದು ವಿದೂಷಕನಿಗೆ ಹೇಳುವಾಗ ಒಂದು ಆಭರಣವನ್ನೂ ಮೊದಲು ನೆನೆಯುವುದಿಲ್ಲ. ಮಾಲಿನೀನದಿಯ ಮರಳಿನಲ್ಲಿ ಹಂಸಗಳ ಜೋಡಿ, ಹಿಮಾಲಯದ ತಪ್ಪಲಿನಲ್ಲಿ ಮಲಗಿದ ಜಿಂಕೆಗಳು, ಕೊಂಬೆಗಳಲ್ಲಿ ನಾರುಮಡಿ ತೂಗುವ ಮರ, ಅದರ ಕೆಳಗೆ ಗಂಡು ಜಿಂಕೆಯ ಕೊಂಬಿಗೆ ಕಣ್ಣನ್ನು ಉಜ್ಜಿಕೊಳ್ಳುವ ಹೆಣ್ಣು ಜಿಂಕೆ, ಇವೇ ಅವನಿಗೆ ಬೇಕಾದುವು. ಪ್ರಿಯಳಾದವಳು ಇದ್ದ ನೆಲವನ್ನು ಬರೆಯದೆ ಅವಳನ್ನು ಬರೆದಂತಾಗಲಿಲ್ಲವೆಂದು ಆ ರಾಜನಿಗೆ ತಿಳಿದಿತ್ತು.

ಚಿತ್ರಗಳಿಂದ ಉಬ್ಬುಶಿಲ್ಪಗಳ ಕಡೆಗೆ ತಿರುಗಿದಾಗ ನಮ್ಮ ಸಂಸ್ಕೃತದ ಓದು ಸ್ವಲ್ಪ ಉಪಯೋಗಕ್ಕೆ ಬಂದಿತು. ಇಂದು ನಾವು ಚಿತ್ರವೆಂದರೆ ಬಣ್ಣದ ಬರವಣಿಗೆ, ಶಿಲ್ಪವೆಂದರೆ ಕಲ್ಲಿನ ಕೆಲಸವೆಂದು ಎರಡು ಜಾತಿ ಮಾಡಿಕೊಂಡಿದ್ದೇವೆ. ಹಳೆಯ ಶಿಲ್ಪಗ್ರಂಥಗಳು ಹಾಗೆ ಮಾಡುವುದಿಲ್ಲ. ಸುತ್ತಲೂ ನೋಡಬಹುದಾದ ಪೂರ್ಣ ವಿಗ್ರಹವು ‘ಚಿತ್ರ’. ಅರ್ಧಭಾಗವು ಹಿನ್ನೆಲೆಯಿಂದ ಎದ್ದು ಬಂದುದು ‘ಚಿತ್ರಾರ್ಧ’. ಗೋಡೆಯ ಅಥವಾ ಬಟ್ಟೆಯ ಮೇಲೆ ಬಣ್ಣದಿಂದ ಬರೆದುದು ‘ಚಿತ್ರಾಭಾಸ’, ಎಂದರೆ ಚಿತ್ರದಂತೆ ತೋರತಕ್ಕುದು. ಮೂರೂ ಒಂದೇ ಮನೆಯ ಮಕ್ಕಳು. ಆದಕಾರಣ ಒಬ್ಬನೇ ಮನುಷ್ಯನು ಎರಡರಲ್ಲಿ ಕೆಲಸಮಾಡಿದರೆ ನಮ್ಮವರು ಆಶ್ಚರ್ಯಪಡಬೇಕಾದುದಿಲ್ಲ.

ವೆಂಕಟಪ್ಪನವರ ಚಿತ್ರಾರ್ಧಗಳು ಪ್ಯಾರಿಸ್ ಪ್ಲಾಸ್ಟರಿನವು. ಮುರಿದ ಕೈಗೆ ವೈದ್ಯರು ಕಟ್ಟುವ ಬಿಳಿಯ ಹಿಟ್ಟು ಇದೇ. ಜಿಪ್ಸಮ್ ಎಂಬ ಖನಿಜವನ್ನು ಕಾಸಿದರೆ ಅದರೊಳಗಿನ ನೀರಿನ ಅಂಶದಲ್ಲಿ ಹೆಚ್ಚು ಭಾಗವು ಹೋಗಿ ಪುಡಿಯಾಗುವುದು. ಆ ಪುಡಿಗೆ ಮತ್ತೆ ನೀರು ಕೂಡಿಸಿದರೆ ಬಿಸಿಯೇರಿ, ಕೆಲವು ನಿಮಿಷಗಳಲ್ಲಿ ಕಲ್ಲಾಗುವುದು. ಬೆಲೆಯಲ್ಲಿ ಅಗ್ಗ, ಗುಣದಲ್ಲಿ ಸೂಕ್ಷ್ಮ: ಅಚ್ಚಿನಲ್ಲಿರುವ ಕೂದಲೆಳೆಯಷ್ಟು ಗೆರೆಯನ್ನೂ ಇದು ಹಿಡಿಯಬಲ್ಲುದು. ಶಕುಂತಲೆಯು ಆಶ್ರಮವನ್ನು ಬಿಟ್ಟು ಹೊರಡುವ ಫಲಕದ ಮುಂದೆ ನಾವು ನಿಂತೆವು. ಎದುರಿನಿಂದ ನೋಡಿದಾಗ ಎಲ್ಲವೂ ಒಂದೇ ಬಿಳಿಪಾಗಿ, ಬಾಣಲೆಯಲ್ಲಿ ಹಾಲು ಕೆನೆಗಟ್ಟಿದಂತೆ ಕಂಡಿತು. ಕಾವಲುಗಾರನು ನಗುತ್ತ, "ಹೀಗೆ ಪಕ್ಕಕ್ಕೆ ಬನ್ನಿ ಸಾರ್" ಎಂದನು. ಎರಡು ಹೆಜ್ಜೆ ಸರಿದೆವು. ಕಿಟಕಿಯ ಬೆಳಕು ಓರೆಯಾಗಿ ಬಿದ್ದ ಕೂಡಲೆ ಬಟ್ಟೆಯ ಮಡಿಕೆಗಳೂ ಮುಖಗಳೂ ಗೋಡೆಯಿಂದ ಎದ್ದು ನಿಂತುವು. ಬಣ್ಣವೆಂಬುದೇ ಇಲ್ಲದ ಚಿತ್ರಕ್ಕೆ ನೆರಳೇ ಬಣ್ಣ. ವಿದ್ವಾಂಸರ ಎರಡು ಗಂಟೆಯ ಉಪನ್ಯಾಸದಿಂದ ತಿಳಿಯದುದು ಆ ಮಾತಿನಿಂದ ನಮಗೆ ತಿಳಿಯಿತು. ಉಬ್ಬುಶಿಲ್ಪವನ್ನು ನೋಡತಕ್ಕವರು ನಿಂತಲ್ಲಿ ನಿಲ್ಲದೆ ಕಾಲಾಡಿಸಬೇಕು.

ವಿಷ್ಣುಧರ್ಮೋತ್ತರದ ಚಿತ್ರಸೂತ್ರದಲ್ಲಿ ಒಂದು ಮಾತಿದೆ: ಆಚಾರ್ಯರು ರೇಖೆಯನ್ನು ಮೆಚ್ಚುವರಂತೆ, ಜಾಣರು ನೆರಳು ಬೆಳಕನ್ನು, ಸ್ತ್ರೀಯರು ಆಭರಣಗಳನ್ನು, ಉಳಿದವರು ಬಣ್ಣದ ಬಾಹುಳ್ಯವನ್ನು. ಆ ಗ್ರಂಥಕಾರನು ನಮ್ಮ ಸೊಸೆಯನ್ನು ನೋಡಿರಲಿಲ್ಲವೆಂದು ತೋರುವುದು. ಆಕೆ ಶಕುಂತಲೆಯ ಫಲಕದ ಮುಂದೆ ನಿಂತು ಬಹಳ ಹೊತ್ತಿನವರೆಗೆ ಭುಜದಿಂದ ಕೈಯವರೆಗೆ ಇಳಿದ ಒಂದೇ ಒಂದು ಗೆರೆಯನ್ನು ನೋಡುತ್ತಿದ್ದಳು. ಬಲಗೈಯ ಬೆರಳು ಸೆರಗಿನ ಮೇಲೆ ಆ ಗೆರೆಯನ್ನು ತಾನಾಗಿ ಬರೆಯುತ್ತಿತ್ತು. ಆಕೆ ಹೈಸ್ಕೂಲಿನಲ್ಲಿದ್ದಾಗ ಡ್ರಾಯಿಂಗ್ ಹೈಯರ್ ಪರೀಕ್ಷೆಯನ್ನು ಮೊದಲನೆಯ ದರ್ಜೆಯಲ್ಲಿ ಪಾಸುಮಾಡಿದವಳು. ಮದುವೆಯಾಗಿ ಬಂದಾಗ ತಂದ ಬಣ್ಣದ ಪೆಟ್ಟಿಗೆಯು ನಮ್ಮ ಮನೆಯ ಅಟ್ಟದ ಮೇಲಿತ್ತು.

"ಮಾವ, ಇವರು ಮದುವೆಯಾಗಲಿಲ್ಲ ಅಂದಿರಲ್ಲ, ಅದಕ್ಕೇ ಇಷ್ಟೊಂದು ಮಾಡೋದಕ್ಕೆ ಆಯಿತೇನೋ?" ಎಂದಳು.

ನಾವು ನಂದಲಾಲ ಬಸುಗಳ ಉದಾಹರಣೆಯನ್ನು ಕೊಟ್ಟೆವು. ಅದೇ ಗುರುವಿನ ಶಿಷ್ಯರು, ಹೆಂಡತಿ ಮಕ್ಕಳುಳ್ಳ ಸಂಸಾರಿಗಳು, ಶಾಂತಿನಿಕೇತನದ ಕಲಾಭವನವನ್ನು ಬಹುಕಾಲ ನಡೆಸಿದರು, ಬರೆದುದಕ್ಕಂತೂ ಲೆಕ್ಕವಿಲ್ಲ. "ಆದ್ದರಿಂದ ಸಂಸಾರವು ಕಲೆಗೆ ಅಡ್ಡಿಯಲ್ಲಮ್ಮ" ಎಂದೆವು.

"ಅವರ ಮನೇಲಿ ಅಡುಗೆ ಮಾಡಿದೋರು ಯಾರು ಮಾವ?" ಎಂದಳು. ವ್ಯಂಗ್ಯದಿಂದ ಕೇಳಿದ ಮಾತಲ್ಲ; ಸಹಜವಾಗಿ ಕೇಳಿದಳು. ಮಗು ಅಷ್ಟರಲ್ಲಿ ನೀರು ಬೇಕೆಂದುದರಿಂದ ಸೀಸೆ ತೆಗೆದುಕೊಡಲು ಬಗ್ಗಿದಳು. ಮಾತು ಅಲ್ಲಿಗೆ ನಿಂತಿತು. ಷಡಂಗಗಳನ್ನು ಹೇಳಿದ ಯಶೋಧರನಾಗಲಿ, ಅದರ ಮೇಲೆ ಪುಸ್ತಕ ಬರೆದ ಅವನೀಂದ್ರರಾಗಲಿ, ರೂಪಭೇದ ಪ್ರಮಾಣ ಭಾವಗಳ ಜೊತೆಗೆ ಚಿತ್ರ ಬರೆಯುವವರಿಗೆ ಬೇಕಾದ ಬಿಡುವೆಂಬ ಅಂಗವನ್ನು ಎಣಿಸಿಲ್ಲ. ಎಣಿಸಿದ್ದರೆ ಏಳಾಗುತ್ತಿತ್ತು.

ವೆಂಕಟಪ್ಪನವರನ್ನು ಕುರಿತು ಕೆಲವರು ಆಕ್ಷೇಪಿಸುವುದುಂಟು. ಅಷ್ಟು ಒಳ್ಳೆಯ ಚಿತ್ರಗಾರನು ವೀಣೆಯ ಬೆನ್ನು ಹತ್ತಿ ವರ್ಷಗಟ್ಟಲೆ ಕುಂಚವನ್ನು ಬದಿಗಿಟ್ಟುದು ನಷ್ಟವಲ್ಲವೆ, ಉಬ್ಬುಶಿಲ್ಪಕ್ಕೆ ಸಮಯ ಕೊಟ್ಟುದರಿಂದ ಚಿತ್ರಗಳು ಕಡಮೆಯಾಗಲಿಲ್ಲವೆ ಎಂದು. ಎರಡು ದೋಣಿಯಲ್ಲಿ ಕಾಲಿಟ್ಟವನ ಗಾದೆಯನ್ನೂ ಹೇಳುವರು. ಅವರಿಗೇ ಈ ಹುಚ್ಚಿನ ಅರಿವಿಲ್ಲದೆ ಇರಲಿಲ್ಲ. ವೀಣೆಯ ಹುಚ್ಚೆಂಬ ಅರ್ಥದ ಹೆಸರಿಟ್ಟು ತಮ್ಮ ಮೋಹವನ್ನು ತಾವೇ ಚಿತ್ರವಾಗಿ ಬರೆದಿದ್ದಾರೆ. ತನ್ನನ್ನು ತಾನೇ ಹೀಗೆ ಹಾಸ್ಯಮಾಡಿಕೊಳ್ಳಬಲ್ಲವನನ್ನು ಗಾದೆಯಿಂದ ಹೊಡೆಯುವುದು ಕಷ್ಟ. ನಮಗಂತೂ ಆಕ್ಷೇಪವು ಸರಿಯೆಂದು ತೋರಲಿಲ್ಲ. ಅದೇ ವಿಷ್ಣುಧರ್ಮೋತ್ತರದಲ್ಲಿ ವಜ್ರನೆಂಬ ರಾಜನು ವಿಗ್ರಹ ಮಾಡುವುದನ್ನು ಕಲಿಸೆಂದು ಮಾರ್ಕಂಡೇಯರನ್ನು ಕೇಳುವನು. ಚಿತ್ರ ತಿಳಿಯದವನಿಗೆ ವಿಗ್ರಹವು ತಿಳಿಯದೆನ್ನುವರು ಋಷಿಗಳು. ಹಾಗಾದರೆ ಚಿತ್ರವನ್ನೇ ಕಲಿಸಿರೆಂದರೆ, ಅದಕ್ಕೆ ನೃತ್ಯ ಬೇಕು. ನೃತ್ಯಕ್ಕೆ ವಾದ್ಯ ಬೇಕು. ವಾದ್ಯಕ್ಕೆ ಗೀತ ಬೇಕು. ವಿಗ್ರಹ ಕಲಿಯಲು ಬಂದ ರಾಜನು ಹಾಡಿನ ಪಾಠಕ್ಕೆ ಕುಳಿತುಕೊಳ್ಳಬೇಕಾಯಿತು! ಈ ಸಂವಾದವನ್ನು ಓದಿ ನಾವು ತರಗತಿಯಲ್ಲಿ ಎಷ್ಟೋ ಸಲ ನಕ್ಕಿದ್ದೇವೆ. ವೆಂಕಟಪ್ಪನವರು ಅದನ್ನು ಬಾಳಿದರು. ಶೇಷಣ್ಣನವರು ೧೯೨೬ರಲ್ಲಿ ಕಾಲವಾದರು. ಅಂತಹ ಗುರುವು ಬದುಕಿರುವಾಗ ವೀಣೆ ಕಲಿಯದೆ ಇನ್ನೆಂದು ಕಲಿಯಬೇಕಾಗಿತ್ತು? ನೀಲಗಿರಿಯ ಚಿತ್ರಗಳಲ್ಲಿ ಒಂದರ ಹಿಂದೊಂದು ಬೆಟ್ಟದ ಸಾಲುಗಳು ನೀಲಿಯಿಂದ ಬೂದಿಗೆ, ಬೂದಿಯಿಂದ ಬಿಳಿಗೆ ಅಡಗುತ್ತ ಹೋಗುವಾಗ, ಮೀಟಿದ ತಂತಿಯ ನಾದವು ಮೆಲ್ಲಗೆ ತಗ್ಗುವ ಕ್ರಮವನ್ನು ಕಿವಿಯಿಂದ ಕಲಿತವನ ಕೈಯಿದು ಎಂದು ನಾವು ಹೇಳಿದರೆ ಅದನ್ನು ಸಾಧಿಸಿ ತೋರಿಸಲಾರೆವು, ಆದರೂ ಹೇಳುವೆವು.

ಮೇಲಂತಸ್ತಿಗೂ ಹೋದೆವು. ಅಲ್ಪ ಬಾಡಿಗೆಗೆ ಹೊಸ ಕಲಾವಿದರಿಗೆ ಕೊಡುತ್ತಿದ್ದ ಹಜಾರಗಳು ಅಲ್ಲಿದ್ದುವು. ೨೦೧೬ರಲ್ಲಿ ಈ ಚಿತ್ರಶಾಲೆಯ ಆಡಳಿತವನ್ನು ಖಾಸಗಿಯವರೊಡನೆ ಹಂಚಿಕೊಳ್ಳುವ ಸರ್ಕಾರದ ಏರ್ಪಾಟಿಗೆ ವಿರೋಧವಾಗಿ ಕಲಾವಿದರು ಗುಂಪುಗೂಡಿ ಪ್ರತಿಭಟಿಸಿದುದು ವಾಚಕರಲ್ಲಿ ಅನೇಕರಿಗೆ ನೆನಪಿರಬಹುದು. ತಮ್ಮ ಚಿತ್ರಗಳನ್ನು ಜನರ ಮುಂದೆ ಮೊದಲು ತೂಗುಹಾಕಿದ ಗೋಡೆಗಳಿವು ಎಂಬ ಅಭಿಮಾನವು ಅವರಿಗಿತ್ತು. ನಾವು ಹೋದ ದಿನ ಅಲ್ಲಿ ಒಬ್ಬ ತರುಣನ ಮೊದಲನೆಯ ಪ್ರದರ್ಶನವಿತ್ತು. ಎಣ್ಣೆಬಣ್ಣವಿತ್ತು, ಮರದ ಹಲಗೆಯನ್ನು ಕೆತ್ತಿ ಮಸಿ ಹಚ್ಚಿ ತೆಗೆದ ಅಚ್ಚುಗಳಿದ್ದುವು, ಬಟ್ಟೆಯ ತುಂಡುಗಳನ್ನು ಅಂಟಿಸಿದ ಹಲಗೆಗಳಿದ್ದುವು, ಒಂದು ಮೂಲೆಯಲ್ಲಿ ಕಪ್ಪು ಮಸಿಯಿಂದ ಬರೆದ ಅಜ್ಜಿಯ ಮುಖವಿತ್ತು. ದೊಡ್ಡ ದೊಡ್ಡ ಎಣ್ಣೆಯ ಚಿತ್ರಗಳಲ್ಲಿ ಅವನು ಇತರರ ಮಾತನ್ನೇ ಆಡುತ್ತಿದ್ದನು. ಅಜ್ಜಿಯ ಮುಖದಲ್ಲಿ ಮಾತ್ರ ಸುಳ್ಳಿರಲಿಲ್ಲ. ಪಾಪ, ಮೇಜಿನ ಹಿಂದೆ ಅಭಿಪ್ರಾಯದ ಪುಸ್ತಕವನ್ನು ಬಿಡಿಸಿಟ್ಟುಕೊಂಡು ಕುಳಿತಿದ್ದನು. ಹಿಂದಿನ ಹಾಳೆಗಳಲ್ಲಿ ಎಲ್ಲರೂ ‘ಬಹಳ ಚೆನ್ನಾಗಿದೆ’ ಎಂದೇ ಬರೆದಿದ್ದರು. ಇದು ಊಟದ ಮನೆಯಲ್ಲಿ ಬರೆಯತಕ್ಕ ಮಾತು. ನಾವು ಅಜ್ಜಿಯ ಚಿತ್ರವನ್ನು ಹೆಸರಿಸಿ, ಅದರಲ್ಲಿ ಕಣ್ಣಿನ ಕೆಳಗಣ ಎರಡು ಗೆರೆಗಳು ಹೇಗೆ ವಯಸ್ಸನ್ನೆಲ್ಲ ಹೇಳಿದುವೆಂಬುದನ್ನು ನಾಲ್ಕು ಸಾಲಿನಲ್ಲಿ ಬರೆದೆವು. ಹುಡುಗನು ಓದಿ, "ಅದನ್ನು ಇಡೋದೋ ಬೇಡವೋ ಅಂತಿದ್ದೆ ಸಾರ್" ಎಂದನು. ಚಿತ್ರವನ್ನು ಕೊಳ್ಳಲಾರದ ನಮ್ಮಂತಹ ಪಿಂಚಣಿಯವರು ಇಷ್ಟನ್ನಾದರೂ ಮಾಡಬಹುದು. ಹಣ ಬೇಕಿಲ್ಲ, ನಿಂತು ನೋಡಿದ್ದರೆ ಸಾಕು.

ಇಂತಹ ಪ್ರದರ್ಶನಗಳಿಗೆ ಮಕ್ಕಳನ್ನು ಕರೆದೊಯ್ಯತಕ್ಕವರಿಗೆ ಒಂದೆರಡು ಮಾತು. ಹೆಸರಿನ ಚೀಟಿಯನ್ನು ಮೊದಲು ಓದಿಸಬೇಡಿರಿ. ಓದಿದ ಮಗುವು ಚೀಟಿಯನ್ನು ನೋಡೀತೇ ಹೊರತು ಚಿತ್ರವನ್ನು ನೋಡದು. ಎಲ್ಲವನ್ನೂ ಒಂದು ಸುತ್ತು ಬೇಗನೆ ನೋಡಿಬಂದು, ಮೂರನ್ನು ಆರಿಸಿಕೊಂಡು, ಅವುಗಳ ಮುಂದೆ ನಿಲ್ಲಿರಿ. ಯಾವುದರಿಂದ ಮಾಡಿದ್ದಾರೆಂಬುದನ್ನು ಊಹಿಸಲು ಬಿಡಿರಿ. ನೀರೇ, ಎಣ್ಣೆಯೇ, ಮರವೇ, ಸುಣ್ಣವೇ ಎಂದು. ಮಕ್ಕಳಿಗೆ ಅರ್ಥಕ್ಕಿಂತ ಮೊದಲು ವಸ್ತುವು ತಿಳಿಯುವುದು, ಅದೇ ಸರಿಯಾದ ಕ್ರಮವೂ ಅಹುದು. ಬೇಸರವಾದ ಕೂಡಲೆ ಹೊರಗೆ ಕರೆತಂದುಬಿಡಿ. ನಮ್ಮ ಮೊಮ್ಮಗಳು ಮುಕ್ಕಾಲು ಗಂಟೆಯಾದ ಮೇಲೆ ಕಬ್ಬನ್ ಉದ್ಯಾನದ ಕಡೆಗೆ ಎಳೆಯತೊಡಗಿದಳು, ನಾವು ತಡೆಯಲಿಲ್ಲ.

ಮನೆಗೆ ಬಂದ ಮೇಲೆ ನಮ್ಮ ಮನೆಯವರಿಗೆ ಸೊಸೆಯ ಪ್ರಶ್ನೆಯನ್ನು ಹೇಳಿದೆವು. ಅವರು ಹೆಚ್ಚು ಮಾತನಾಡತಕ್ಕವರಲ್ಲ. "ಭಾನುವಾರ ಸಾಯಂಕಾಲದ ಅಡುಗೆ ನೀವು, ನಾನು ನೋಡಿಕೊಂಡರೆ ಆಯಿತು. ನಿಮಗೆ ಉಪ್ಪಿಟ್ಟು ಮಾಡುವುದಕ್ಕೆ ಬರುತ್ತದಲ್ಲ" ಎಂದರು. ಮಗನಿಗೆ ಬುಧವಾರ ಬಿತ್ತು. ಅವನು ಮಾಡಿದ ಸಾರಿನ ವಿಷಯವಾಗಿ ಈ ಅಂಕಣದಲ್ಲಿ ಬರೆಯುವುದು ಉಚಿತವಲ್ಲ.

ಅಟ್ಟದಿಂದ ಪೆಟ್ಟಿಗೆಯನ್ನು ಇಳಿಸಿ ನೋಡಿದಾಗ ಬಣ್ಣದ ಬಿಲ್ಲೆಗಳೆಲ್ಲವೂ ಬಿರುಕುಬಿಟ್ಟು ಒಣಗಿದ್ದುವು. ಇವು ಕೆಲಸಕ್ಕೆ ಬರಲಾರವೆಂದು ನಾವು ಹೇಳಬೇಕೆಂದಿರುವಷ್ಟರಲ್ಲಿ ಸೊಸೆಯು ಒಂದೊಂದರ ಮೇಲೆಯೂ ಎರಡು ತೊಟ್ಟು ನೀರು ಬಿಟ್ಟು ಒಲೆಯ ಕಡೆಗೆ ಹೋದಳು. ನೀರುಬಣ್ಣವನ್ನು ಗೋಂದಿನಲ್ಲಿ ಕಲಸಿರುವರು; ಗೋಂದು ಎಷ್ಟು ವರ್ಷ ಒಣಗಿದ್ದರೂ ನೀರಿಗೆ ಕರಗುವುದು. ಆಕೆ ಕಾಫಿ ತರುವುದರೊಳಗೆ ನೀಲಿಯೂ ಹಳದಿಯೂ ಕರಗಿ ಸಿದ್ಧವಾಗಿದ್ದುವು. ಕುಂಚದ ಕೂದಲನ್ನು ಮಾತ್ರ ಜಿರಳೆ ತಿಂದುಬಿಟ್ಟಿತ್ತು, ಹೊಸದನ್ನು ತರಿಸಬೇಕಾಯಿತು.